ಪಟದ ಹಿಂದಿದ್ದ ಒಣಹೂಗಳು

ಹದಿನೇಳನೆಯ ಕಾರ್ಟನ್ನಿನ ಎಡಗಡೆಯ ಕೆಳಮೂಲೆ ಹೆಬ್ಬೆರಳು ತೂರುವಷ್ಟು ಹರಿದಿತ್ತು. ಆ ತೂತಿನಿಂದ ಗೋದಾಮಿನ ಸಿಮೆಂಟು ನೆಲದ ಮೇಲೆ ನಾಲ್ಕು ಹಳದಿ ಹೂಗಳು ಉದುರಿದ್ದವು. ಅಂಗಿಯ ಗುಂಡಿಯಷ್ಟು ದೊಡ್ಡವು, ಗುಂಡಿಯಂತೆಯೇ ಚಪ್ಪಟೆ. ಒಣಗಿ ಎಷ್ಟೋ ತಿಂಗಳಾಗಿದ್ದರೂ ಬಣ್ಣ ಬಿಟ್ಟಿರಲಿಲ್ಲ.

ಹಾನಿಗೊಂಡ ಪೆಟ್ಟಿಗೆಗಳ ಫೋಟೊ ತೆಗೆದು ವರದಿ ಬರೆಯುವುದು ಕೊಲ್ಲಿ ನಾಡಿನ ಬಂದರೂರು ಹಿದ್‌ನ ನಮ್ಮ ಕಚೇರಿಯಲ್ಲಿ ನನ್ನ ಕೆಲಸ. ಕಾಗದದಲ್ಲಿ ಸರಕಿನ ವಿವರ ‘ಅಲಂಕಾರದ ಒಣಹೂ’ ಎಂದಿತ್ತು. ಹೊರಟ ಬಂದರು ಪೋಲೆಂಡಿನದು. ‘ಮೂಲೆ ಹರಿದಿದೆ, ಒಳಗಿನ ಸರಕು ಸರಿಯಿದೆ’ ಎಂದು ಬರೆದು ಮುಗಿಸಿ ಮುಂದೆ ಹೋಗಬೇಕಿತ್ತು. ಆದರೆ ಬಗ್ಗಿ ಒಂದು ಹೂವನ್ನು ಎತ್ತಿಕೊಂಡೆ. ಎರಡು ಬೆರಳ ನಡುವೆ ಉಜ್ಜಿದೆ. ಕರ್ಪೂರಕ್ಕೆ ಬೇವಿನ ಕಹಿ ಬೆರೆಸಿದಂಥ ವಾಸನೆ...

ಹನ್ನೆರಡು ವರ್ಷಗಳಿಂದ ಆ ವಾಸನೆ ನನ್ನ ಮೂಗಿಗೆ ಬಂದಿರಲಿಲ್ಲ. ಅದು ಮನಾಮಾ ನಗರದ ಸೆಗಯಾ ಬಡಾವಣೆಯಲ್ಲಿ ನಮ್ಮ ಕಟ್ಟಡದ ಎರಡನೆಯ ಮಹಡಿಯ ವಾಸನೆ. ಕೆಳಮನೆಯ ಆಂಟಿಯ ಮನೆಯದು.

ನಾವಿದ್ದದ್ದು ಮೂರನೆಯ ಮಹಡಿಯಲ್ಲಿ. ಈಗಲೂ ಅಲ್ಲೇ ಇದ್ದೇವೆ. ಅಪ್ಪ ಬಂದರಿನ ಕಚೇರಿ ಕೆಲಸಕ್ಕೆ ಹೋಗುತ್ತಿದ್ದರು, ಅಮ್ಮ ಒಂದು ದಂತ ಚಿಕಿತ್ಸಾಲಯದ ಸ್ವಾಗತ ಮೇಜಿನಲ್ಲಿ ಕೂರುತ್ತಿದ್ದಳು. ನಾನು ಶಾಲೆಯಿಂದ ಬರುವಾಗ ಎರಡು ಗಂಟೆ, ಅಮ್ಮ ಬರುವಾಗ ಐದೂವರೆ. ನಡುವಿನ ಆ ಮೂರೂವರೆ ಗಂಟೆ ನಾನು ಎಲ್ಲಿರಬೇಕು ಎಂಬ ಪ್ರಶ್ನೆ ಬಂದಾಗ ಕೆಳಮನೆಯ ಆಂಟಿ, ಯಾರೂ ಕೇಳದೆಯೇ, ನಮ್ಮ ಮನೆಯ ಬಾಗಿಲು ತಟ್ಟಿ ‘ನನ್ನ ಮನೆಯಲ್ಲಿ ಮೇಜು ಉಂಟು, ಬೆಳಕು ಉಂಟು, ಟೀವಿ ಇಲ್ಲ’ ಎಂದರಂತೆ. ಟೀವಿ ಇಲ್ಲ ಎಂಬುದನ್ನು ಕೇಳಿ ಅಮ್ಮ ಒಪ್ಪಿಕೊಂಡಳು.

ಆಂಟಿಯ ಗಂಡ ಹಿದ್‌ನ ಹಡಗು ರಿಪೇರಿ ಅಂಗಳದಲ್ಲಿ ಫೋರ್‌ಮನ್. ಆರಡಿ ದಾಟಿದ ಮನುಷ್ಯ. ನಮ್ಮ ಲಿಫ್ಟಿನಲ್ಲಿ ಅವರು ನಿಂತರೆ ಇನ್ನೊಬ್ಬರಿಗೆ ಮಾತ್ರ ಜಾಗ. ಬಿಳಿಯ ಜನ ನಮ್ಮಂಥವರೇ ತುಂಬಿದ ಸೆಗಯಾದಲ್ಲಿ ಯಾಕಿದ್ದಾರೆ ಎಂದು ಕಟ್ಟಡದವರಿಗೆಲ್ಲ ಆಶ್ಚರ್ಯ. ಆಂಟಿಯ ಉತ್ತರ ಸರಳವಾಗಿತ್ತು: ಕೆಳಗೆ ರೊಟ್ಟಿಯ ಒಲೆಯಿದೆ, ಬೆಳಿಗ್ಗೆ ಎದ್ದ ಕೂಡಲೇ ಬಿಸಿ ಖುಬ್ಜ್ ಸಿಗುತ್ತದೆ, ಇನ್ನೇನು ಬೇಕು?

ನಾನು ಮಾತು ಕಡಿಮೆಯ ಹುಡುಗಿ. ‘ಶಾಲೆ ಹೇಗಿತ್ತು, ಗೆಳತಿಯರು ಯಾರು, ಮುಂದೆ ಏನಾಗುತ್ತೀ’ ಎಂದು ಕೇಳುವ ದೊಡ್ಡವರಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದೆ. ಆಂಟಿ ಏನೂ ಕೇಳುತ್ತಿರಲಿಲ್ಲ. ನಾನು ಓದುತ್ತಿರುವಾಗ ಅವರು ಮೇಜಿನ ಇನ್ನೊಂದು ತುದಿಯಲ್ಲಿ ಕೂತು ಪುದೀನದ ಎಲೆ ಬಿಡಿಸುತ್ತಲೋ ಸಬ್ಬಸಿಗೆಯನ್ನು ಕಟ್ಟು ಕಟ್ಟಿ ಹಗ್ಗಕ್ಕೆ ತೂಗುಹಾಕುತ್ತಲೋ ಇರುತ್ತಿದ್ದರು. ಬಾಲ್ಕನಿಯಲ್ಲಿ ಎಣ್ಣೆಯ ಡಬ್ಬಗಳಲ್ಲಿ ಗಿಡ, ಅಡುಗೆಮನೆಯಲ್ಲಿ ತಲೆಕೆಳಗಾಗಿ ತೂಗುವ ಸೊಪ್ಪು, ಕಪಾಟಿನ ಗಾಜಿನ ಜಾಡಿಗಳಲ್ಲಿ ಒಣಗಿದ ಎಲೆ. ಅಂಕಲ್ ಕೆಲಸದಿಂದ ಬಂದವರೇ ಒಂದು ಲೋಟ ಬಿಸಿನೀರಿನಲ್ಲಿ ತೇಲುವ ಅದೇ ಎಲೆಗಳನ್ನು ನೋಡಿ ನನ್ನತ್ತ ತಿರುಗಿ ಹೇಳುತ್ತಿದ್ದರು, ‘ನಮ್ಮೂರಿನಲ್ಲಿ ಚಳಿಗಾಲಕ್ಕೆ ಇದನ್ನು ದನಕ್ಕೆ ಹಾಕುವುದು. ಇಲ್ಲಿ ದನ ಇಲ್ಲ, ಅದಕ್ಕೆ ನಾನು.’

ಆಂಟಿ ಪೋಲೆಂಡಿನ ಹಳ್ಳಿಯವರು. ಅವರ ಮಾತು ಶುರುವಾಗುತ್ತಿದ್ದುದೇ ಗಿಡಗಳಿಂದ. ಬೇಸಗೆಯ ಅತ್ಯಂತ ಚಿಕ್ಕ ರಾತ್ರಿಯಲ್ಲಿ ಹುಡುಗಿಯರು ಹೂವಿನ ಬಳೆಯಂಥ ಮಾಲೆ ಹೆಣೆದು, ನಡುವೆ ಮೇಣದ ಬತ್ತಿ ಹಚ್ಚಿ ಹೊಳೆಯಲ್ಲಿ ತೇಲಿಬಿಡುತ್ತಾರಂತೆ. ದೂರ ಹೋದ ಮಾಲೆಯ ಹುಡುಗಿಗೆ ಬೇಗ ಮದುವೆ. ‘ನಿಮ್ಮದು ಎಷ್ಟು ದೂರ ಹೋಯಿತು?’ ಎಂದು ಕೇಳಿದೆ. ‘ನನ್ನದು ಮುಳುಗಿತು’ ಎಂದರು. ‘ಅದಕ್ಕೇ ಹಡಗು ರಿಪೇರಿಯವನು ಸಿಕ್ಕಿದ್ದು.’

ಗುಡುಗು ಬಂದರೆ ಒಲೆಗೆ ಒಂದು ಕಡ್ಡಿ ಒಣಹೂ ಹಾಕಿ ಹೊಗೆ ಎಬ್ಬಿಸಬೇಕು, ಸಿಡಿಲು ಆ ಮನೆಗೆ ಬೀಳುವುದಿಲ್ಲ. ಈಸ್ಟರ್ ಹಬ್ಬಕ್ಕೆ ಮೊದಲಿನ ಗರಿಗಳ ಭಾನುವಾರಕ್ಕೆ ಅಲ್ಲಿ ತಾಳೆಗರಿ ಸಿಗುವುದಿಲ್ಲವಾದ್ದರಿಂದ ಒಣಹೂಗಳನ್ನೇ ಕೋಲಿಗೆ ಸುತ್ತಿ ಮನುಷ್ಯನಿಗಿಂತ ಎತ್ತರದ ಗರಿ ಮಾಡುತ್ತಾರೆ. ಆಗಸ್ಟ್ ನಡುವಿನ ಮಾತೆಯ ಹಬ್ಬಕ್ಕಂತೂ ಅವರ ಊರಿನವರು ಇಟ್ಟ ಹೆಸರೇ ಗಿಡಮೂಲಿಕೆಗಳ ಮಾತೆಯ ಹಬ್ಬ. ಪ್ರತಿ ಮನೆಯಿಂದಲೂ ಒಂದು ಹೂಕಟ್ಟು ಇಗರ್ಜಿಗೆ ಹೋಗುತ್ತದೆ. ನಡುವೆ ಕೋಲಿನಂತೆ ನೆಟ್ಟಗೆ ನಿಲ್ಲುವ ಉದ್ದನೆಯ ಹಳದಿ ಹೂ, ಸುತ್ತ ಗುಂಡಿ ಹೂ, ಪುದೀನ, ಕಹಿ ಎಲೆ, ರೈ ಧಾನ್ಯದ ತೆನೆ, ಒಂದು ಗಸಗಸೆ ಕಾಯಿ. ಪಾದ್ರಿಗಳು ನೀರು ಚಿಮುಕಿಸಿ ಹರಸಿದ ಮೇಲೆ ಅದು ಮನೆಗೆ ಬಂದು ಮಾತೆಯ ಪಟದ ಹಿಂದೆ ಕೂರುತ್ತದೆ.

‘ಪ್ರತಿ ವರ್ಷ ಹೊಸತಾ?’ ಎಂದು ಕೇಳಿದ್ದೆ.

‘ಪ್ರತಿ ವರ್ಷ ಹೊಸತು’ ಎಂದಿದ್ದರು.

ಹಳೆಯದನ್ನು ಏನು ಮಾಡುತ್ತಾರೆ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಅಂಕಲ್ ಆ ಹೊತ್ತಿಗೆ ಎದುರಿಗೇ ಕೂತಿದ್ದುದರಿಂದ ಹೇಳಲಿಲ್ಲವೋ ಏನೋ... ಈಗ ಹಾಗನ್ನಿಸುತ್ತದೆ.

ಅಮ್ಮನಿಗೂ ಆಂಟಿಗೂ ಗೆಳೆತನ ಬೆಳೆದದ್ದು ಗಸಗಸೆಯಿಂದ. ಇಲ್ಲಿಗೆ ಬರುವ ನಮ್ಮವರಿಗೆಲ್ಲ ಊರಿನಲ್ಲಿ ಮೊದಲು ಹೇಳುವ ಬುದ್ಧಿಮಾತೇ ಪೆಟ್ಟಿಗೆಯಲ್ಲಿ ಗಸಗಸೆ ಇಡಬೇಡಿ, ಅಲ್ಲಿ ಅದು ಅಫೀಮಿನ ಲೆಕ್ಕ, ಸಿಕ್ಕಿದರೆ ಜೈಲು ಎಂದು. ಆಂಟಿಗೂ ಅವರ ಊರಿನಲ್ಲಿ ಯಾರೋ ಅದನ್ನೇ ಹೇಳಿ ಕಳಿಸಿದ್ದರು. ಅವರಿಗೆ ಕ್ರಿಸ್‌ಮಸ್‌ಗೆ ಗಸಗಸೆಯ ಸುರುಳಿ ಕೇಕ್ ಇಲ್ಲ, ನಮಗೆ ಹಬ್ಬಕ್ಕೆ ಗಸಗಸೆ ಪಾಯಸ ಇಲ್ಲ. ಆಂಟಿಯೊಡನೆ ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ, ಆದರೂ ಸಿಟ್ಟು ಬಂದಾಗ ಕನ್ನಡವನ್ನೇ ನಿಧಾನವಾಗಿ ಹೇಳಿದರೆ ಇಂಗ್ಲಿಷ್ ಆಗುತ್ತದೆ ಎಂದು ಅಮ್ಮನ ನಂಬಿಕೆ. ‘ಎಂತ ಅನ್ಯಾಯ ನೋಡಿ ಮೇಡಂ, ಒಂದು ಮುಷ್ಟಿ ಗಸಗಸೆಗೆ ನಮ್ಮನ್ನು ಕಳ್ಳರ ಹಾಗೆ ನೋಡುದಾ?’ ಎಂದು ಅವಳು ಹೇಳಿದರೆ, ಆಂಟಿ ತಲೆಯಾಡಿಸಿ, ‘ಅನ್ಯಾಯ, ಅನ್ಯಾಯ’ ಎನ್ನುತ್ತಿದ್ದರು. ಆ ಪದ ಅವರಿಗೆ ಬಹಳ ಹಿಡಿಸಿತ್ತು. ಲಿಫ್ಟು ಕೆಟ್ಟರೂ ಅನ್ಯಾಯ, ಟೊಮೆಟೊ ಹುಳಿಯಾದರೂ ಅನ್ಯಾಯ. ಅಮ್ಮ ನನ್ನನ್ನು ‘ಮಗಾ’ ಎಂದು ಕರೆಯುವುದನ್ನು ಕೇಳಿ ಅವರೂ ಮಗಾ ಎಂದೇ ಕರೆಯತೊಡಗಿದರು.

ಆಟಿ ಅಮಾವಾಸ್ಯೆಯಂದು ತುಳುನಾಡಿನಲ್ಲಿ ಸೂರ್ಯ ಹುಟ್ಟುವ ಮುಂಚೆ ಹಾಲೆ ಮರದ ಕೆತ್ತೆ, ಎಂದರೆ ತೊಗಟೆ, ತಂದು ಕಷಾಯ ಕುಡಿಯುವುದನ್ನು ಅಮ್ಮ ಒಮ್ಮೆ ವಿವರಿಸಿದಳು. ಕತ್ತಿ ಮುಟ್ಟಿಸಬಾರದು, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ಆಂಟಿ ಕೈಯ ಕೆಲಸ ಬಿಟ್ಟು ಕೇಳಿದರು. ‘ಹೌದು, ಸೂರ್ಯನಿಗಿಂತ ಮುಂಚೆ. ಇಬ್ಬನಿ ಆರಿದ ಮೇಲೆ ಕಿತ್ತರೆ ಅದು ಬರೀ ಹುಲ್ಲು’ ಎಂದರು. ಅಮ್ಮ ನನ್ನ ಕಡೆ ತಿರುಗಿ, ‘ನೋಡು, ಇವರಿಗೆ ಗೊತ್ತುಂಟು. ನಿನಗೆ ಹೇಳಿದ್ರೆ ನಗಾಡ್ತಿ’ ಎಂದಳು.

ಆಂಟಿಯ ಕೂರುವ ಕೋಣೆಯಲ್ಲಿ, ಮೇಜಿನ ಎದುರಿನ ಗೋಡೆಗೆ, ಕಪ್ಪು ಮುಖದ ಮಾತೆಯ ಒಂದು ಪಟ ಇತ್ತು. ಅದರ ಹಿಂದೆ ಗೋಡೆಗೂ ಚೌಕಟ್ಟಿಗೂ ನಡುವೆ ಒಂದು ಒಣ ಹೂಕಟ್ಟು. ತುದಿಗಳು ಮಾತ್ರ ಹೊರಗೆ ಕಾಣುತ್ತಿದ್ದವು, ಬೂದು ಬಣ್ಣಕ್ಕೆ ತಿರುಗಿ, ದೂಳು ಕೂತು. ವರ್ಷಕ್ಕೊಮ್ಮೆಯಲ್ಲ, ನಾನು ಆ ಮನೆಗೆ ಹೋದ ಮೂರು ವರ್ಷಗಳಲ್ಲಿ ಒಮ್ಮೆಯೂ ಅದು ಬದಲಾಗಿರಲಿಲ್ಲ.

ನಾನು ಹತ್ತನೆಯ ತರಗತಿಯಲ್ಲಿದ್ದ ವರ್ಷ ಅಂಕಲ್ ಆಸ್ಪತ್ರೆ ಸೇರಿದರು. ಶ್ವಾಸಕೋಶದ ಕಾಯಿಲೆ. ಮೊದಲು ಎರಡು ದಿನ ಎಂದರು, ಆಮೇಲೆ ಒಂದು ವಾರ ಎಂದರು, ಆಮೇಲೆ ಯಾರೂ ದಿನ ಹೇಳಲಿಲ್ಲ. ಆಂಟಿ ಅಲ್ಲೇ ಉಳಿದುಕೊಂಡರು. ಹೋಗುವಾಗ ಬೀಗದ ಕೈ ನನ್ನ ಕೈಗೆ ಕೊಟ್ಟು, ‘ಮಗಾ, ಗಿಡಗಳಿಗೆ ನೀರು. ಬೇರೆ ಏನೂ ಬೇಡ’ ಎಂದರು.

ಪರೀಕ್ಷೆಗೆ ಓದಿಕೊಳ್ಳಲು ರಜೆ ಇತ್ತು. ದಿನಾ ಬೆಳಿಗ್ಗೆ ಕೆಳಗಿಳಿದು ಡಬ್ಬಗಳಿಗೆ ನೀರು ಹಾಕಿ ಬರುತ್ತಿದ್ದೆ. ಆ ಮನೆ ಅಷ್ಟು ಮೌನವಾಗಿದ್ದುದನ್ನು ನಾನು ಕಂಡಿರಲಿಲ್ಲ. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಒಂದು ಶುಕ್ರವಾರ ತಲೆಗೆ ಸ್ನಾನ ಮಾಡಿ ದೇವರಿಗೆ ಹೂ ಮುಡಿಸಿ ಕೆಳಗೆ ಹೋದೆ. ಗುರುವಾರದ ವಿಮಾನಕ್ಕೆ ಬಂದ ಉಡುಪಿ ಮಲ್ಲಿಗೆಯ ಒಂದು ತುಂಡು ಕೈಯಲ್ಲಿತ್ತು. ಮಾತೆಯ ಪಟದ ಮುಂದೆ ಇಡೋಣ ಎಂದಷ್ಟೇ ಯೋಚಿಸಿದ್ದೆ.

ನಮ್ಮ ಮನೆಯಲ್ಲಿ ದೀಪ ಹಚ್ಚುವ ಮೊದಲಿನ ಕೆಲಸ ನಿನ್ನೆಯ ಹೂವನ್ನು ತೆಗೆಯುವುದು. ಅದನ್ನು ಕಸದ ಬುಟ್ಟಿಗೆ ಹಾಕುವುದಿಲ್ಲ. ನಿರ್ಮಾಲ್ಯವೆಂದು ಬೇರೆ ಚೀಲದಲ್ಲಿ ಕೂಡಿಟ್ಟು, ವಾರಕ್ಕೊಮ್ಮೆ ಅಪ್ಪ ಕೆಲಸಕ್ಕೆ ಹೋಗುವ ದಾರಿಯಲ್ಲಿ ಸಮುದ್ರಕ್ಕೆ ಬಿಡುತ್ತಿದ್ದರು. ‘ದೇವರ ಮೇಲೆ ಬಾಡಿದ ಹೂ ಇಟ್ಕೊಂಡು ಬೇಡ್ಲಿಕ್ಕೆ ಹೋಗಬಾರದು, ಮನೆಯವರಿಗೆ ಒಳ್ಳೆದಲ್ಲ’ ಎಂದು ಅಮ್ಮ ನಾನು ಐದು ವರ್ಷದವಳಿದ್ದಾಗಿನಿಂದ ಹೇಳಿಕೊಟ್ಟಿದ್ದಳು.

ಅಂಕಲ್ ಆಸ್ಪತ್ರೆಯಲ್ಲಿದ್ದರು. ಮಾತೆಯ ಹಿಂದೆ ವರ್ಷಗಳ ಹಳೆಯ, ದೂಳು ಹಿಡಿದ ಹೂ ಇತ್ತು.

ನಾನು ಅದನ್ನು ಬಹಳ ಜಾಗ್ರತೆಯಿಂದ ತೆಗೆದೆ. ಕೆಲವು ತುದಿಗಳು ಪುಡಿಯಾದವು. ಕೆಂಪು ನೂಲು ಸುತ್ತಿತ್ತು, ನೂಲಿನ ನಡುವೆ ಒಂದು ಕಡ್ಡಿಯಷ್ಟು ಜಾಗ ಖಾಲಿಯಿತ್ತು. ಚೌಕಟ್ಟನ್ನು ಒರೆಸಿ ಮಲ್ಲಿಗೆ ಹಾಕಿದೆ. ಕಟ್ಟನ್ನು ಮೇಲೆ ತಂದು ನಮ್ಮ ನಿರ್ಮಾಲ್ಯದ ಚೀಲಕ್ಕೆ ಇಳಿಸಿದೆ. ಕೈ ಮುಗಿದು ಅಂಕಲ್‌ಗೆ ಗುಣವಾಗಲಿ ಎಂದು ಬೇಡಿಕೊಂಡದ್ದೂ ನೆನಪಿದೆ. ಆ ದಿನ ನನ್ನ ಓದು ಚೆನ್ನಾಗಿ ಸಾಗಿತು.

ಭಾನುವಾರ ಬೆಳಿಗ್ಗೆ ಅಪ್ಪ ಚೀಲ ತೆಗೆದುಕೊಂಡು ಹೋದರು. ಭಾನುವಾರ ಮಧ್ಯಾಹ್ನ ಅಂಕಲ್ ತೀರಿಕೊಂಡರು.

ಸೋಮವಾರ ಹನ್ನೊಂದರ ಹೊತ್ತಿಗೆ ಆಂಟಿ ಬಂದರು. ಅಮ್ಮ ರಜೆ ಹಾಕಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಆಂಟಿ ಅಳುತ್ತಿರಲಿಲ್ಲ. ಮಂಗಳವಾರ ಮಧ್ಯಾಹ್ನ ಶವಪೆಟ್ಟಿಗೆ ಮುಚ್ಚುತ್ತಾರೆ, ಅದೇ ದಿನದ ವಿಮಾನ, ಮಗಳು ಅಲ್ಲಿ ಕಾಯುತ್ತಿದ್ದಾಳೆ ಎಂದರು. ಬೀಗದ ಕೈ ತೆಗೆದುಕೊಂಡು ಕೆಳಗೆ ಹೋದರು. ಐದು ನಿಮಿಷದಲ್ಲಿ ಮತ್ತೆ ಮೇಲೆ ಬಂದರು.

‘ಪಟದ ಹಿಂದೆ ಇದ್ದ ಕಟ್ಟು ಎಲ್ಲಿ?’

ಆಮೇಲೆ, ನಾವು ತಿಳಿಯದೆ ನಿಂತಿದ್ದುದನ್ನು ನೋಡಿ, ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳಿದರು. ಆ ಕಟ್ಟು ಅವರ ತಾಯಿ ಕೊನೆಯ ಸಲ ಕೈಯಾರೆ ಕಿತ್ತು, ಕಟ್ಟಿ, ಇಗರ್ಜಿಯಲ್ಲಿ ಹರಸಿಸಿ ತಂದದ್ದು. ಆ ವರ್ಷದ ಚಳಿಗಾಲದಲ್ಲಿ ತಾಯಿ ಹೋದರು. ಇಲ್ಲಿಗೆ ತರುವಾಗ ಗಸಗಸೆ ಕಾಯಿಯನ್ನು ಮಾತ್ರ ಬಿಚ್ಚಿ ಅಲ್ಲೇ ಬಿಟ್ಟು ಬಂದಿದ್ದರು. ಅವರ ಊರಿನಲ್ಲಿ ಯಾರಾದರೂ ಸತ್ತರೆ, ಹರಸಿದ ಆ ಹೂಗಳನ್ನು ಪುಡಿ ಮಾಡಿ ಒಂದು ಚಿಕ್ಕ ದಿಂಬಿಗೆ ತುಂಬಿ ತಲೆಯಡಿಗೆ ಇಡುತ್ತಾರೆ. ಪರದೇಶದಲ್ಲಿ ಸತ್ತರೂ ತಲೆ ತನ್ನ ಹೊಲದ ಮೇಲೆ ಇರಬೇಕು. ‘ನಮ್ಮಿಬ್ಬರಲ್ಲಿ ಮೊದಲು ಹೋಗುವವರಿಗೆ ಎಂದು ಇಟ್ಟಿದ್ದೆ’ ಎಂದರು.

ಅಮ್ಮ ಒಮ್ಮೆ ನನ್ನ ಮುಖ ನೋಡಿದಳು. ಒಂದೇ ಸಲ. ನಿರ್ಮಾಲ್ಯದ ಚೀಲದಲ್ಲಿ ಆ ಕಟ್ಟನ್ನು ಕಂಡಿದ್ದಳೇನೋ. ಆಮೇಲೆ ಆಂಟಿಯ ಕಡೆ ತಿರುಗಿ, ‘ನಾನೇ ತೆಗೆದದ್ದು ಮೇಡಂ. ಬಾಡಿದ ಹೂ ಅಂತ ಮಾಡಿ ಸಮುದ್ರಕ್ಕೆ ಕಳಿಸಿ ಆಯ್ತು. ನಂಗೆ ಗೊತ್ತಾಗ್ಲಿಲ್ಲ’ ಎಂದಳು.

ಆಂಟಿ ಕುರ್ಚಿಯಲ್ಲಿ ಕೂತರು. ‘ಸಮುದ್ರಕ್ಕೆ’ ಎಂದರು. ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಂಡರು. ಆಮೇಲೆ ಅಮ್ಮನಿಗೆ, ಗಟ್ಟಿಯಾಗಿ ಅಲ್ಲ, ‘ನೀನು ನನ್ನ ತಾಯಿಯ ಕೈಯನ್ನು ಎಸೆದೆ’ ಎಂದರು. ಎದ್ದು ಹೋದರು.

ನಾನು ಮಾತಾಡಲಿಲ್ಲ. ಮಾತಾಡಬಹುದಿತ್ತು. ಬಾಗಿಲು ಎರಡು ಹೆಜ್ಜೆ ದೂರದಲ್ಲಿತ್ತು, ಮೆಟ್ಟಿಲಲ್ಲಿ ಅವರ ಚಪ್ಪಲಿಯ ಸದ್ದು ಇನ್ನೂ ಕೇಳುತ್ತಿತ್ತು...

ಅಮ್ಮ ಅಪ್ಪನಿಗೆ ಫೋನ್ ಮಾಡಿದಳು. ಅಪ್ಪ ಊಟದ ಬಿಡುವಿನಲ್ಲಿ ಚೀಲ ಬಿಟ್ಟ ಜಾಗಕ್ಕೆ ಹೋಗಿ ಕಲ್ಲುಗಳ ನಡುವೆ ಹುಡುಕಿದರಂತೆ. ಸಂಜೆ ಮನೆಗೆ ಬಂದಾಗ ಅವರ ಪ್ಯಾಂಟು ಮೊಣಕಾಲಿನವರೆಗೆ ಉಪ್ಪಿನಿಂದ ಬೆಳ್ಳಗಾಗಿತ್ತು. ಮಡಿಕೆ ಕೆಟ್ಟ ಅಂಗಿ ತೊಟ್ಟು ಅವರು ಕಚೇರಿಗೆ ಹೋದದ್ದನ್ನು ನಾನು ಕಂಡದ್ದಿಲ್ಲ. ‘ನೀರು ಇಳಿದಿತ್ತು, ಎಲ್ಲ ಹೋಗಿ ಆಗಿದೆ’ ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದರು.

ಅಷ್ಟರಲ್ಲಿ ಅಮ್ಮ ಸುಮ್ಮನೆ ಕೂತಿರಲಿಲ್ಲ. ಎರಡು ಗಂಟೆಗೆ, ಒಗೆದು ಇಟ್ಟಿದ್ದ ಬಿಳಿ ಹತ್ತಿ ಬಟ್ಟೆಯನ್ನೂ ಸೂಜಿದಾರದ ಡಬ್ಬಿಯನ್ನೂ ಹಿಡಿದು, ನನ್ನನ್ನೂ ಕರೆದುಕೊಂಡು ಕೆಳಗೆ ಹೋಗಿ ಬಾಗಿಲು ತಟ್ಟಿದಳು. ಆಂಟಿ ತೆರೆದರು. ಒಳಗೆ ಕರೆಯಲಿಲ್ಲ.

‘ಯಾವ ಯಾವ ಸೊಪ್ಪು ಹೇಳಿ ಮೇಡಂ. ನಾಳೆ ಮಧ್ಯಾಹ್ನದವರೆಗೆ ಸಮಯ ಉಂಟಲ್ಲ. ಆ ಕಟ್ಟು ತರ್ಲಿಕ್ಕೆ ನಂಗಾಗುದಿಲ್ಲ. ಅವರನ್ನು ಬರೀ ತಲೆಯಲ್ಲಿ ಕಳಿಸುದು ಬೇಡ.’

ಆಂಟಿ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದರು. ‘ಈ ಮರಳಿನಲ್ಲಿ ಎಲ್ಲಿ ಸಿಗುತ್ತದೆ?’ ಎಂದರು. ಹಾಗೆಂದವರು ಒಳಗೆ ಹೋಗಿ ಕೈಚೀಲ ತೆಗೆದುಕೊಂಡು ಬಂದರು.

ಮನಾಮಾದ ಪೇಟೆಬೀದಿಯಾದ ಸೂಕ್‌ನಲ್ಲಿ ಒಣ ಮೂಲಿಕೆ ಮಾರುವ ಹಳೆಯ ಅಂಗಡಿಯೊಂದಿದೆ. ಇಲ್ಲಿಯವರು ಕೆಮ್ಮಿಗೂ ಬಾಣಂತಿಗೂ ಅಲ್ಲಿಗೇ ಹೋಗುವುದು. ಅಂಗಡಿಯ ಮುದುಕ ಗೋಣಿಗಳ ನಡುವೆ ಕೂತಿದ್ದ. ಅಮ್ಮ ಹಿಂದಿಯಲ್ಲಿ, ‘ಚಾಚಾ, ಇವರಿಗೆ ಎಲ್ಲ ಮೂಸಿ ನೋಡಬೇಕು’ ಎಂದಳು. ಮುದುಕ, ‘ಹೊಟ್ಟೆಗಾ, ಎದೆಗಾ?’ ಎಂದು ಕೇಳಿದ.

‘ತಲೆಗೆ’ ಎಂದಳು ಅಮ್ಮ. ‘ಇವರ ಗಂಡ ತೀರಿಕೊಂಡಿದ್ದಾರೆ. ತಲೆಯಡಿ ಇಡ್ಲಿಕ್ಕೆ.’

ಮುದುಕ ಎದ್ದು ನಿಂತ. ಸತ್ತವರಿಗೆ ಇಲ್ಲಿಯವರು ಹೇಳುವ ಪ್ರಾರ್ಥನೆಯನ್ನು ಗೊಣಗಿದ. ಮತ್ತೇನೂ ಕೇಳದೆ ಒಂದೊಂದೇ ಗೋಣಿಯ ಬಾಯಿ ಬಿಚ್ಚತೊಡಗಿದ. ಆಂಟಿ ಬಗ್ಗಿ ಮೂಸುತ್ತ ಹೋದರು. ಇಲ್ಲ. ಇಲ್ಲ. ಅವನು ಬಾಬೂನಜ್ ಎಂದು ಕರೆದ ಪುಟ್ಟ ಬಿಳಿ ಹೂವಿನ ಗೋಣಿಯ ಬಳಿ ಅವರು ನಿಂತರು. ಮುಖವನ್ನೇ ಅದರೊಳಗೆ ಇಳಿಸಿದರು. ತಲೆ ಎತ್ತಿದಾಗ ಮೂಗಿನ ತುದಿಯಲ್ಲಿ ಹಳದಿ ಪುಡಿ ಇತ್ತು. ‘ಇದು ನಮ್ಮ ರಸ್ತೆಯ ಬದಿಯಲ್ಲಿ ಬೆಳೆಯುತ್ತದೆ’ ಎಂದರು. ಇನ್ನೊಂದು ಗೋಣಿಯಲ್ಲಿ ಮರುಭೂಮಿಯ ಒಂದು ಬೂದು ಎಲೆ, ಮುದುಕ ಅದನ್ನು ಶೀಹ್ ಎಂದ. ಅದು ಅವರ ಕಟ್ಟಿನಲ್ಲಿದ್ದ ಕಹಿ ಎಲೆಯ ತಂಗಿ ಎಂದರು ಆಂಟಿ. ಪುದೀನ ಇತ್ತು. ಹಳದಿ ಗುಂಡಿ ಹೂ ಇರಲಿಲ್ಲ. ಹೊರಡುವಾಗ ಮುದುಕ ಒಂದು ಹಿಡಿ ಒಣ ಗುಲಾಬಿಯನ್ನು ತಾನಾಗಿ ಹಾಕಿದ. ಆಂಟಿ ಅಲ್ಲೇ, ಅಂಗಡಿಯ ಮೆಟ್ಟಿಲ ಮೇಲೆ, ಮೊದಲ ಸಲ ಅತ್ತರು. ಅಮ್ಮ ಅವರ ಬೆನ್ನಿನ ಹಿಂದೆ ನಿಂತಿದ್ದಳು, ಮುಟ್ಟಲಿಲ್ಲ.

ಆಂಟಿಯ ಮನೆಯ ಆ ಮೇಜಿನ ಮೇಲೆ ಎಲ್ಲವನ್ನೂ ಹರಡಿದೆವು. ಅಮ್ಮ ಮೇಲೆ ಹೋಗಿ ನಮ್ಮ ಬಾಲ್ಕನಿಯ ಕುಂಡದಿಂದ ತುಳಸಿಯ ಎರಡು ಕುಡಿ ತಂದಳು. ತಟ್ಟೆಯಲ್ಲಿಟ್ಟುಕೊಂಡು ದೂರವೇ ನಿಂತು, ‘ಇದು ನಮ್ಮದು. ಹೋಗುವವರ ಬಾಯಿಗೆ ನಾವು ಇದರ ನೀರು ಬಿಡುದು. ಹಾಕ್ಬಹುದಾ?’ ಎಂದು ಕೇಳಿದಳು. ಆಂಟಿ ಒಂದು ಎಲೆಯನ್ನು ಹಿಸುಕಿ ಮೂಸಿದರು. ಅದನ್ನೂ ರಾಶಿಗೆ ಸೇರಿಸಿದರು.

ಆಂಟಿ ಬಿಳಿ ಬಟ್ಟೆಯ ಮೂರು ಬದಿ ಹೊಲಿದು ಮಾಡಿದ ಚೀಲಕ್ಕೆ ತುಂಬಿಯಾದ ಮೇಲೆ ನಾಲ್ಕನೆಯ ಬದಿ ಹೊಲಿಯಬೇಕಿತ್ತು. ಅಮ್ಮ ಸೂಜಿಗೆ ದಾರ ಪೋಣಿಸಿ ಬಟ್ಟೆಗೆ ಕೈ ಹಾಕಿದಳು. ಆಂಟಿ ಅವಳ ಕೈಯಿಂದ ಸೂಜಿಯನ್ನು ತೆಗೆದುಕೊಂಡರು. ಒರಟಾಗಿ ಅಲ್ಲ. ತೆಗೆದು ನನ್ನ ಮುಂದೆ ಹಿಡಿದರು.

‘ನೀನು ಹೊಲಿ, ಮಗಾ. ನಿನ್ನ ಕೈ ಒಳ್ಳೆಯದು. ಗಿಡಗಳೆಲ್ಲ ಹಸಿರಾಗಿವೆ.’

ಅಮ್ಮ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಕೂತಳು. ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ನಾನು ಹೊಲಿದೆ. ಎಷ್ಟು ಹೊಲಿಗೆ ಹಾಕಿದೆ ಎಂದು ಈಗಲೂ ಹೇಳಬಲ್ಲೆ: ಮೂವತ್ತೊಂದು. ಪ್ರತಿಯೊಂದಕ್ಕೂ ಮೊದಲು, ಈಗ ಹೇಳುತ್ತೇನೆ, ಇದಾದ ಮೇಲೆ ಹೇಳುತ್ತೇನೆ ಎಂದುಕೊಂಡೆ. ಗಂಟು ಹಾಕಿ ದಾರ ಕತ್ತರಿಸಿದೆ. ಆಂಟಿ ನನ್ನ ತಲೆಗೆ ಮುತ್ತು ಕೊಟ್ಟರು.

ಮಂಗಳವಾರ ಆ ದಿಂಬು ಅಂಕಲ್‌ನ ತಲೆಯಡಿಗೆ ಹೋಯಿತು. ಕಾಗದಪತ್ರಗಳಿಗೆಂದು ಅಪ್ಪ ಜೊತೆಗಿದ್ದರು. ಪಾದ್ರಿಗಳು ಅದರ ಮೇಲೂ ನೀರು ಚಿಮುಕಿಸಿದರು ಎಂದು ಹೇಳಿದರು. ಆಂಟಿಯೂ ಅದೇ ವಿಮಾನದಲ್ಲಿ ಹೋಗಿ, ಮನೆ ಖಾಲಿ ಮಾಡಲು ಒಂದು ತಿಂಗಳ ಮೇಲೆ ಮರಳಿ ಬಂದರು. ಆಗ ನಮ್ಮ ಮನೆಗೂ ಬಂದರು, ಅಮ್ಮನನ್ನು ತಬ್ಬಿಕೊಂಡರು, ಎಣ್ಣೆಯ ಡಬ್ಬಗಳನ್ನೆಲ್ಲ ನಮಗೇ ಕೊಟ್ಟರು. ಅಮ್ಮ ಚಹಾ ತಂದಳು. ಅವರು ಲೋಟವನ್ನು ಕೈಯಲ್ಲಿ ಹಿಡಿದುಕೊಂಡಿದ್ದರು. ಕುಡಿದರೋ ಇಲ್ಲವೋ... ನೆನಪಿಲ್ಲ. ಅನ್ಯಾಯ ಎಂಬ ಪದವನ್ನು ಅವರ ಬಾಯಿಂದ ಮತ್ತೆ ಕೇಳಲಿಲ್ಲ.

ಕೆಲವು ವರ್ಷ ಕ್ರಿಸ್‌ಮಸ್‌ಗೆ ಕಾರ್ಡು ಬರುತ್ತಿತ್ತು, ನನ್ನ ಹೆಸರಿಗೆ. ಆಮೇಲೆ ನಿಂತಿತು. ಮೂರು ವರ್ಷಗಳ ಹಿಂದೆ ಅವರ ಮಗಳು ನನ್ನನ್ನು ಹುಡುಕಿ ಒಂದು ಮಿಂಚಂಚೆ ಬರೆದಳು. ಆಂಟಿ ಶರತ್ಕಾಲದಲ್ಲಿ ತೀರಿಕೊಂಡಿದ್ದರು. ಸೌಜನ್ಯದ, ಚೆಂದದ ಪತ್ರ. ತನ್ನ ಅಪ್ಪನ ದಿಂಬನ್ನು ಹೊಲಿದ ಹುಡುಗಿಯ ಬಗ್ಗೆ ತನ್ನ ಅಮ್ಮ ಕೊನೆಯವರೆಗೂ ಪ್ರೀತಿಯಿಂದ ಹೇಳುತ್ತಿದ್ದಳು ಎಂದು ಬರೆದಿದ್ದಳು. ಅದರ ಕೆಳಗೆ ಒಂದು ವಾಕ್ಯ: ‘ನಮ್ಮ ಮನೆಯಲ್ಲಿ ಇವತ್ತಿಗೂ ಯಾರಾದರೂ ಯೋಚಿಸದೆ ಏನನ್ನಾದರೂ ಎಸೆದರೆ, ಅಜ್ಜಿಯ ಹೂವನ್ನು ಸಮುದ್ರಕ್ಕೆಸೆದ ಮೇಲಿನ ಮನೆಯ ಹೆಂಗಸಿನ ಹಾಗೆ ಮಾಡಬೇಡ ಎನ್ನುತ್ತೇವೆ. ಅಮ್ಮ ಅವಳನ್ನು ಎಂದೋ ಕ್ಷಮಿಸಿದ್ದಳು.’

ಆ ಪತ್ರಕ್ಕೆ ನಾನು ಉತ್ತರ ಬರೆಯಲಿಲ್ಲ. ಸಾಂತ್ವನದ ಎರಡು ಸಾಲನ್ನೂ ಬರೆಯಲಿಲ್ಲ. ಅಮ್ಮನಿಗೆ ಸಾವಿನ ಸುದ್ದಿಯನ್ನು ಮಾತ್ರ ಹೇಳಿದೆ. ಅವಳು ಆ ದಿನ ದೀಪದ ಮುಂದೆ ಹೆಚ್ಚು ಹೊತ್ತು ನಿಂತಿದ್ದಳು. ಆಂಟಿ ಇದ್ದಾಗ ಹೇಳಬಹುದಾಗಿದ್ದ ಒಂಬತ್ತು ವರ್ಷಗಳಿದ್ದವು. ವಿಳಾಸ ನನ್ನ ಬಳಿ ಇತ್ತು, ಭಾಷೆಯೂ ಇತ್ತು. ಅವರು ಹೋದ ಮೇಲೆ ಇನ್ನು ಹೇಳಿ ಏನು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಎಷ್ಟು ಅನುಕೂಲದ ಮಾತು ಎಂಬುದು ಗೊತ್ತಿತ್ತು. ನಾನು ಒಬ್ಬರನ್ನು ಕಳೆದುಕೊಂಡೆ, ಅವರಿಗೆ ನನ್ನ ಬಗ್ಗೆ ತಪ್ಪು ತಿಳಿದಿರುವಂತೆಯೇ ಕಳೆದುಕೊಂಡೆ. ಆ ಭಾಗ ಇನ್ನು ಸರಿಯಾಗುವುದಿಲ್ಲ.

ಆದರೆ ಎಲ್ಲೋ ದೂರದ ಒಂದು ಅಡುಗೆಮನೆಯಲ್ಲಿ ನನ್ನ ಅಮ್ಮ ಒಂದು ಗಾದೆಯಾಗಿ ಉಳಿದಿದ್ದಾಳೆ. ಅದು ಇನ್ನೂ ನಡೆಯುತ್ತಿದೆ.

ಗೋದಾಮಿನಿಂದ ಮನೆಗೆ ಬಂದ ಆ ಸಂಜೆ ಅಮ್ಮ ಬಸಳೆ ಸೊಪ್ಪು ಬಿಡಿಸುತ್ತಿದ್ದಳು. ನಾನು ಎದುರು ಕೂತು, ಮೂರು ವರ್ಷದ ಹಿಂದಿನ ಪತ್ರವನ್ನು ಪೂರ್ತಿ ಓದಿ ಹೇಳಿದೆ, ಆ ವಾಕ್ಯವನ್ನೂ ಬಿಡದೆ. ಅವಳು ದಂಟಿನ ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ.

‘ಆಗ್ಲಿ ಬಿಡು. ಹೆಸರು ಹಾಕ್ಲಿಲ್ಲ ಅಲ್ವಾ?’ ಎಂದು ನಕ್ಕಳು.

‘ಯಾಕೆ ಹಾಗೆ ಹೇಳಿದ್ದು ಅಮ್ಮ, ಅವತ್ತು?’

ಹನ್ನೆರಡು ವರ್ಷಗಳಲ್ಲಿ ನಾವಿಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

‘ನಿಂಗೆ ಪರೀಕ್ಷೆ ಇತ್ತಲ್ಲ ಮಾರಾಯ್ತಿ’ ಎಂದಳು. ಇನ್ನೊಂದು ದಂಟು ಎತ್ತಿಕೊಂಡಳು. ‘ಮತ್ತೆ, ನಾನು ಹೇಳಿದ್ದು ಸುಳ್ಳೂ ಅಲ್ಲ. ಬಾಡಿದ ಹೂ ತೆಗಿಲಿಕ್ಕೆ ನಿಂಗೆ ಕಲಿಸಿದ್ದು ಯಾರು? ನಾನೇ ಅಲ್ವಾ?’

ಮಾರನೆಯ ದಿನ ಬೆಳಿಗ್ಗೆ ಐದೂವರೆಗೆ ಎದ್ದೆ. ಕಂಪ್ಯೂಟರ್ ತೆರೆದು ಆ ಮಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆದೆ. ಮೂರು ವರ್ಷ ತಡವಾದುದಕ್ಕೆ ಕ್ಷಮೆ ಕೇಳಿದೆ. ಹೂವನ್ನು ತೆಗೆದವಳು ನಾನು, ಯಾಕೆ ತೆಗೆದೆ ಎಂಬುದನ್ನೂ ನಮ್ಮ ಮನೆಯ ಪದ್ಧತಿಯನ್ನೂ ನಾಲ್ಕು ಸಾಲಿನಲ್ಲಿ ಬರೆದೆ. ‘ಆಗ ನಾನು ಚಿಕ್ಕವಳು’ ಎಂದು ಒಂದು ವಾಕ್ಯ ಬಂದಿತ್ತು, ಅಳಿಸಿದೆ. ದಿಂಬಿಗೆ ಬಟ್ಟೆ ತಂದವಳು, ಸೂಕ್‌ಗೆ ಕರೆದುಕೊಂಡು ಹೋದವಳು, ಸೂಜಿಗೆ ದಾರ ಪೋಣಿಸಿದವಳು ನಿಮ್ಮ ಗಾದೆಯ ಆ ಹೆಂಗಸೇ ಎಂದು ಬರೆದೆ. ಕೊನೆಯಲ್ಲಿ ಅಮ್ಮನ ಹೆಸರನ್ನು ಪೂರ್ತಿಯಾಗಿ, ಅವಳ ತವರಿನ ಹೆಸರನ್ನೂ ಸೇರಿಸಿ, ಬರೆದೆ. ಅದರ ಕೆಳಗೆ ನನ್ನದು. ಕಳಿಸಿ ಕೆಲಸಕ್ಕೆ ಹೊರಟೆ.